ಎಡಕ್ಕೆ ಬಿಗಿಯಾದ ಕುಬಸ

ಹನುಮಸಾಗರದ ಸಣ್ಣವ್ವನಿಗೆ ಆ ಹೆಸರಿಟ್ಟವರಿಗೆ ಮುಂದಾಲೋಚನೆ ಇರಲಿಲ್ಲ. ಹೆಸರೊಂದು ಬಿಟ್ಟರೆ ಅವಳದೆಲ್ಲ ದೊಡ್ಡದೇ. ಕೈ ದೊಡ್ಡದು, ನಗು ದೊಡ್ಡದು, ಬಾಯಿಯಂತೂ ಊರ ಅಗಸಿ ಬಾಗಿಲಿನಷ್ಟು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಕಟ್ಟಿದವರು ಸಣ್ಣವ್ವನನ್ನು ನೋಡಿರಲಿಕ್ಕಿಲ್ಲ. ಅವಳಿಗೆ ಮಾತೂ ಚೆನ್ನಾಗಿ ಬರುತ್ತಿತ್ತು, ಜಗಳವೂ ಚೆನ್ನಾಗಿ ಬರುತ್ತಿತ್ತು. ಗಂಡ ಹಂಪಣ್ಣ ಮೆತ್ತಗಿನ ಮನುಷ್ಯ. ತನ್ನ ಪಾಲಿನ ಮಾತನ್ನೂ ಹೆಂಡತಿಗೇ ಬಿಟ್ಟುಕೊಟ್ಟು ಹೊಲ, ಎತ್ತು, ಎಲೆ ಅಡಿಕೆ ಇಷ್ಟರಲ್ಲೇ ಸುಖವಾಗಿದ್ದ.

ಎಂಬತ್ಮೂರರ ಬೇಸಿಗೆಯಲ್ಲಿ ಸಣ್ಣವ್ವನ ಜಗಳ ಕಾಸೀಮಬೀ ಮೇಲೆ ಬಿದ್ದಿತ್ತು. ಕಾಸೀಮಬೀ ಆ ಓಣಿಯ ಹೆಂಗಸರಿಗೆಲ್ಲ ಕುಬಸ ಹೊಲಿದುಕೊಡುವವಳು. ಪೇಟೆಯ ಹುಡುಗಿಯರು ತೊಡುವ ಹುಕ್ಕಿನ ಜಂಪರಲ್ಲ ಇದು. ಖಣದ ಬಟ್ಟೆಯಲ್ಲಿ ಹೊಲಿದು, ಎದೆಯ ಕೆಳಗೆ ಎರಡು ತುದಿ ಕೂಡಿಸಿ ಗಂಟು ಹಾಕುವ ಕುಬಸ. ಒಂದಿಷ್ಟು ಸಡಿಲಾದರೆ ಜೋತುಬೀಳುತ್ತದೆ, ಒಂದಿಷ್ಟು ಬಿಗಿಯಾದರೆ ಉಸಿರು ಕಟ್ಟುತ್ತದೆ. ಕಾಸೀಮಬೀ ಟೇಪು ಹಿಡಿದು ಅಳೆಯುತ್ತಿರಲಿಲ್ಲ. ಮೈಗೆ ಸರಿಯಾಗಿ ಕೂತ ಒಂದು ಹಳೆಯ ಕುಬಸವನ್ನು ಒಬ್ಬೊಬ್ಬಳಿಂದಲೂ ಇಸಿದುಕೊಂಡು ತನ್ನ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅದಕ್ಕೆ ಅಳತಿ ಕುಬಸ ಅನ್ನುತ್ತಿದ್ದರು. ಅದನ್ನು ಹೊಸ ಖಣದ ಮೇಲೆ ಹಾಸಿ ಕತ್ತರಿ ಆಡಿಸಿದರೆ ತಪ್ಪುವ ಮಾತೇ ಇಲ್ಲ.

ಆದರೆ ಸಣ್ಣವ್ವನ ಕುಬಸ ತಪ್ಪಿತ್ತು. ಸಂಕ್ರಾಂತಿಗೆ ಹೊಲಿಸಿದ್ದು ಎಡಗಡೆ ಬಿಗಿ ಅಂತ ವಾಪಸು ಬಂತು. ಕಾಸೀಮಬೀ ಎಡಬದಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು. ಯುಗಾದಿಗೆ ಅದೇ ಕುಬಸ ಮತ್ತೆ ಬಂತು, ಮತ್ತೆ ಬಿಚ್ಚಿದಳು. ಕಾರಹುಣ್ಣಿಮೆಯ ಮರುದಿನ ಸಣ್ಣವ್ವ ಅದನ್ನು ತಂದು ಹೊಲಿಗೆ ಮಷೀನಿನ ಮೇಲೆ ಒಗೆದಳು.

"ಏ ಕಾಸೀಮಬೀ, ಮತ್ತ ಎಡಗಡಿ ಬಿಗಿ ಆಗೈತಿ. ಕಣ್ಣು ತೆರದು ಹೊಲೀತಿಯೋ, ಮುಚ್ಚಿಕೊಂಡು ಹೊಲೀತಿಯೋ?"

"ನೀ ದಪ್ಪ ಆಗೀಯಕ್ಕ."

"ದಪ್ಪ ಆದ್ರ ಎರಡೂ ಕಡಿ ಆಗಬೇಕಲ್ಲ? ಹೊಲಿಯಾಕ ಬಾರದಾಕಿ ಮೈ ಡೊಂಕು ಅಂದ್ಲಂತ!"

ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ನಕ್ಕರು. ಕಾಸೀಮಬೀಗೆ ರೇಗಿತು. ಅವಳ ಹೊಲಿಗೆಯಲ್ಲಿ ತಪ್ಪು ಹುಡುಕಿದವರು ಹನುಮಸಾಗರದಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಟ್ರಂಕು ತೆಗೆದು, ತಡಕಾಡಿ, ಸಣ್ಣವ್ವನ ಅಳತಿ ಕುಬಸ ಎಳೆದಳು.

"ಒಳಗ ಬಾ. ಇದನ್ನ ತೊಡು. ಇದು ನೀನ ಕೊಟ್ಟದ್ದು, ಎಷ್ಟೋ ವರ್ಷ ನಿನ್ನ ಮೈಮ್ಯಾಲೆ ಕುಂತದ್ದು. ಇದು ಸರಿ ಆದ್ರ ತಪ್ಪು ನಂದು. ಇದೂ ಬಿಗಿ ಆದ್ರ ನೀ ಹೊರಗ ಹೋಗಿ ಅವರ ಮುಂದ ಹೇಳಬೇಕು, ತಪ್ಪು ನಂದು ಅಂತ."

"ತಾ ಇಲ್ಲೆ!" ಅಂತ ಸಣ್ಣವ್ವ ಒಳಗೆ ಹೋದಳು. ಹಳೆಯ ಕುಬಸದ ಬಲಭಾಗ ಹೇಳಿ ಮಾಡಿಸಿದ ಹಾಗೆ ಕೂತಿತು. ಎಡಭಾಗ ಕೂಡಲಿಲ್ಲ. ಎಷ್ಟು ಜಗ್ಗಿದರೂ ತುದಿಗೆ ತುದಿ ಮುಟ್ಟಲಿಲ್ಲ. ಗೆದ್ದೆ ಅಂತ ನಗಲು ಬಾಯಿ ತೆರೆದ ಕಾಸೀಮಬೀ ನಗಲಿಲ್ಲ. ಸಣ್ಣವ್ವನ ಎಡ ಎದೆಯ ಹೊರಬದಿಯಲ್ಲಿ ಚರ್ಮ ಒಳಕ್ಕೆ ಸೆಳೆದುಕೊಂಡು ನಿಂಬೆಯ ಸಿಪ್ಪೆಯ ಹಾಗೆ ಚುಕ್ಕೆ ಚುಕ್ಕೆ ಆಗಿತ್ತು. ಕಾಸೀಮಬೀ ಕೇಳದೆಯೇ ಕೈ ಇಟ್ಟಳು. ಒಳಗೆ ಗಜ್ಜುಗದಷ್ಟು ಗಟ್ಟಿಯಾದ, ಆದರೆ ಗಜ್ಜುಗಕ್ಕಿಂತ ದೊಡ್ಡದಾದ ಗಂಟು. ಒತ್ತಿದರೂ ಅತ್ತಿತ್ತ ಸರಿಯಲಿಲ್ಲ.

"ನೋವು ಐತೇನಕ್ಕ?"

"ಒಂಚೂರೂ ಇಲ್ಲ. ಎಮ್ಮಿ ಕೊಂಬು ತಾಗಿತ್ತು, ಅದರ ಬಾವು ಇರಬೇಕು. ನೋವ ಇಲ್ಲಂದ ಮ್ಯಾಲೆ ಅದೆಂಥಾ ರೋಗ?"

ಕಾಸೀಮಬೀ ಟ್ರಂಕಿನ ಮೇಲೆ ಕುಸಿದು ಕೂತಳು. "ತಾವರಗೇರಾದಾಗ ನಮ್ಮ ಖಾಲಾ ಇದ್ಲು, ನಮ್ಮ ಅವ್ವನ ತಂಗಿ. ಅಕಿನೂ ನೋವಿಲ್ಲ ನೋವಿಲ್ಲ ಅಂತಿದ್ಲು. ನೋವು ಬರೂ ಹೊತ್ತಿಗೆ ಹುಣ್ಣಾಗಿ ಒಡದಿತ್ತು. ಆಮ್ಯಾಲೆ ಭಾಳ ದಿನ ಇರಲಿಲ್ಲ." ಹಣೆ ಬಡಿದುಕೊಂಡು, "ಯಾ ಅಲ್ಲಾ, ಎರಡು ಸಲ ಹೊಲಿಗಿ ಬಿಚ್ಚಿದೆ, ಕಣ್ಣು ಬಿಚ್ಚಲಿಲ್ಲ ನೋಡು," ಅಂದಳು.

ಸಣ್ಣವ್ವನಿಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ಅವಳಿಗೆ ಸಿಟ್ಟು ಬರುವುದು ರೂಢಿ. ಕುಬಸ ಕಿತ್ತು ಅಲ್ಲೇ ಒಗೆದು, ಸೆರಗು ಬಿಗಿದುಕೊಂಡು, ಕಟ್ಟೆಯ ಹೆಂಗಸರ ಮುಂದೆ ನಿಂತು, "ಕಾಸೀಮಬೀದು ತಪ್ಪಿಲ್ಲ. ನನ್ನ ಎದಿಯಾಗ ಗಂಟಾಗೈತಿ," ಅಂತ ಹೇಳಿಯೇ ಮನೆಗೆ ಹೋದಳು. ಸೋತರೆ ಸೋತೆ ಅನ್ನುವವಳು ಅವಳು.

ಆ ಮಾತು ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಹಂಪಣ್ಣ ಅಂಗಳದಲ್ಲಿ ನಿಂತು ಹುಬ್ಬು ಗಂಟಿಕ್ಕಿಕೊಂಡು ಕೇಳಿದ, "ಎದಿಯಾಗ ಗಂಟು ಇಟಗೊಂಡೀಯಂತ? ನನಗ ಹೇಳಾಕ ಏನಾಗಿತ್ತು?" ಅವನು ಹೇಳಿದ್ದು ರೊಕ್ಕದ ಗಂಟು. ನಮ್ಮ ಕಡೆ ಹೆಂಗಸರು ಎದೆಯಲ್ಲಿ ಮುಚ್ಚಿಡುವ ಗಂಟು ಅಂದರೆ ಅದೊಂದೇ ಅಂತ ಗಂಡಸರು ತಿಳಿದಿದ್ದಾರೆ. ಸಣ್ಣವ್ವನಿಗೆ ಹೆದರಿಕೆಯ ನಡುವೆಯೂ ನಗು ಬಂತು. ಅವನ ಕೈ ಹಿಡಿದು ಗಂಟಿನ ಮೇಲೆ ಇಟ್ಟಳು. ಹಂಪಣ್ಣನ ಮುಖ ಸುಣ್ಣ ಬಳಿದಂತಾಯಿತು.

ಅತ್ತೆ ಮುದುಕವ್ವ ಮಾತ್ರ ಗಾಬರಿಯಾಗಲಿಲ್ಲ. "ಹಾಲುಗಂಟು," ಅಂದಳು. "ಕೂಸಿಗೆ ಹಾಲು ಬಿಡಿಸುವಾಗ ಪೂರ್ತಿ ಹಿಂಡಿಲ್ಲ, ಒಳಗ ಹೆಪ್ಪಾಗಿ ಕುಂತೈತಿ. ಸುಣ್ಣ ಬೆಲ್ಲ ಹಚ್ಚು. ಕರಗದಿದ್ರ ಒಂದು ಬರಿ ಎಳಸೋಣು."

"ಅತ್ತೀ, ಸಣ್ಣ ಮಗ ಹಾಲು ಬಿಟ್ಟು ಈಗ ಎತ್ತು ಹೊಡ್ಯಾಕ ಹೊಂಟಾನ. ಇಷ್ಟು ವರ್ಷ ಹಾಲು ಹೆಪ್ಪಾಗಿ ಕುಂತಿತ್ತಂದ್ರ ಇಷ್ಟೊತ್ತಿಗೆ ಬೆಣ್ಣಿ ಬರಬೇಕಿತ್ತು. ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ, ಗಂಟಾಗಿದ್ದೆಲ್ಲಾ ಹಾಲುಗಂಟಲ್ಲ. ಬರಿ ಎಳಿಯಾಕ ಕಾಸಿದ ಕುಡಗೋಲು ನನ್ನ ಹತ್ರ ತಂದವರ ಕೈ ಮುರೀತೀನಿ."

ಕುಷ್ಟಗಿ ದವಾಖಾನೆಯ ಡಾಕ್ಟರು ಗಂಟು ಮುಟ್ಟಿ, ಕಂಕುಳು ಮುಟ್ಟಿ, ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಒಬ್ಬ ಡಾಕ್ಟರಮ್ಮ ಗಂಟಿನ ಚೂರು ತೆಗೆದು ತಪಾಸಣೆಗೆ ಕಳಿಸಿದರು. ಉತ್ತರ ಬಂದ ದಿನ ಹಂಪಣ್ಣನನ್ನೂ ಸಣ್ಣವ್ವನನ್ನೂ ಎದುರಿಗೆ ಕೂರಿಸಿಕೊಂಡು ಕ್ಯಾನ್ಸರ್ ಅಂತ ನೇರವಾಗಿ ಹೇಳಿದರು. ಹಂಪಣ್ಣ ನೆಲ ನೋಡಿದ. ಸಣ್ಣವ್ವ ಡಾಕ್ಟರಮ್ಮನ ಮುಖವನ್ನೇ ನೋಡಿದಳು.

"ಯಾಕ ಬಂತ್ರಿ? ಎಮ್ಮಿ ಕೊಂಬು ತಾಗಿದ್ದಕ್ಕ?"

"ಅಲ್ಲವ್ವ. ಕೊಂಬು ತಾಗಿದ್ದಕ್ಕ ನಿನ್ನ ಕೈ ಅಲ್ಲಿಗೆ ಹೋಗಿರಬೇಕು ಅಷ್ಟ. ಗಂಟು ಅದಕ್ಕಿಂತ ಮೊದಲ ಇತ್ತು."

"ಯಾರದರ ಶಾಪ? ನಾ ಭಾಳ ಮಂದಿಗೆ ಬೈದೀನ್ರಿ."

ಡಾಕ್ಟರಮ್ಮ ನಕ್ಕರು. "ಬೈದವರಿಗೆಲ್ಲಾ ಬರೂದಾಗಿದ್ರ ನನಗ ಎಂದೋ ಬರತಿತ್ತು. ಕೇಳಿಲ್ಲೆ. ನಮ್ಮ ಮೈ ಅನ್ನೂದು ಕಣ್ಣಿಗೆ ಕಾಣದಂಥಾ ಸಣ್ಣ ಸಣ್ಣ ಕಣದಿಂದ ಆಗೈತಿ. ಹಳೇವು ಸಾಯತಾವ, ಹೊಸಾವು ಹುಟ್ಟತಾವ. ಎಷ್ಟು ಬೇಕೋ ಅಷ್ಟು ಹುಟ್ಟಿ ನಿಲ್ಲತಾವ. ಕೈ ಕೊಯ್ಕೊಂಡ್ರ ಚರ್ಮ ಬೆಳದು ಕೂಡತದಲ್ಲ, ಕೂಡಿದ ಮ್ಯಾಲೆ ಬೆಳಿಯೂದು ಬಿಡತದಲ್ಲ, ಹಂಗ. ಎಲ್ಲ್ಯೋ ಒಂದು ಕಣಕ್ಕ ಈ ನಿಲ್ಲೂದು ಮರತು ಹೋಗತದ. ಒಂದು ಎರಡಾಗತದ, ಎರಡು ನಾಕಾಗತದ. ಎದಿಯೊಳಗ ಹಾಲು ಹರಿಯೂ ಸಣ್ಣ ನಾಳ ಇರತಾವ, ಅದರಾಗ ಕುಂತು ವರ್ಷಗಟ್ಟಲೆ ಬೆಳೀತದ. ಆಗ ಯಾರಿಗೂ ಗೊತ್ತಾಗೂದಿಲ್ಲ. ಆಮ್ಯಾಲೆ ನಾಳದ ಗ್ವಾಡಿ ಒಡಕೊಂಡು ಹೊರಗ ಬರತದ. ನಿನ್ನ ಕೈಗೆ ಸಿಗೂ ಹೊತ್ತಿಗೆ ಅದು ಹಳೇದಾಗಿರತದ. ಮುಂದ ಕಂಕುಳದ ಗಂಟಿಗೆ ಹೋಗತದ, ಅಲ್ಲಿಂದ ರಕ್ತದ ಕೂಡ ಎಲುಬಿಗೆ, ಪುಪ್ಪಸಕ್ಕ. ಅಲ್ಲಿ ಹೋಗಿ ಕುಂತ್ರ ನಮ್ಮ ಕೈಯಾಗ ಇರಂಗಿಲ್ಲ. ಯಾಕ ನಿನಗ ಬಂತು ಅಂದ್ರ ನನಗ ಗೊತ್ತಿಲ್ಲ. ಅದು ಯಾರ ತಪ್ಪೂ ಅಲ್ಲ, ಮುಟ್ಟಿದ್ರ ಯಾರಿಗೂ ಅಂಟೂದಿಲ್ಲ."

"ಮತ್ತ ನೋವಿಲ್ಲಲ್ರಿ?"

"ಅದ ಅದರ ಕಳ್ಳತನ. ಮೊದಲಿಗೆ ನೋವಾಗೂದಿಲ್ಲ. ನೋವಾಗಿದ್ರ ನೀ ಸಂಕ್ರಾಂತಿಗೇ ಬರತಿದ್ದಿ."

ಸಣ್ಣವ್ವ ಅದನ್ನು ತನ್ನ ಹೊಲಕ್ಕೆ ಹೊಂದಿಸಿ ನೋಡಿದಳು. "ಅಂದ್ರ ಹೊಲಕ್ಕ ಕರಕಿ ಹುಲ್ಲು ಬಿದ್ದಂಗ ಆತ್ರಿ. ಮ್ಯಾಲಿಂದು ಹರದು ಒಗದ್ರ ಹೋಗಂಗಿಲ್ಲ. ಗಡ್ಡಿ ಸಹಿತ ಅಗದು ತಗೀಬೇಕು, ಆಜೂಬಾಜೂದ ಮಣ್ಣೂ ತಗೀಬೇಕು."

"ಹಂಗ ತಿಳಕೋ. ಎಡ ಎದಿ ಪೂರಾ ತಗೀಬೇಕು, ಕಂಕುಳದಾಗಿನವೂ ತಗೀಬೇಕು. ಆಮ್ಯಾಲೆ ಉಳದದ್ದನ್ನ ಸುಡಾಕ ಕರೆಂಟು, ಅಂದ್ರ ಕಿರಣ, ಕೊಡಬೇಕು. ಇನ್ನೂ ದೂರ ಹೋಗಿಲ್ಲ ಅನಸತದ. ಮುಂದಿನ ವಾರ ಬಂದುಬಿಡು."

ಊರಿಗೆ ಬಂದರೆ ಅಲ್ಲಿ ಇನ್ನೊಂದು ಸುದ್ದಿ ಕಾಯುತ್ತಿತ್ತು. ಗಂಗಾವತಿ ಹತ್ತಿರದ ಮರಳಿ ಅನ್ನುವ ಊರಿಗೆ ಕೊಟ್ಟ ಮಗಳು ನೀಲವ್ವ ಚೊಚ್ಚಲ ಬಸುರಿ. ಅವಳಿಗೆ ಐದು ತಿಂಗಳಾಗುತ್ತಲೇ ಕುಬಸ ಮಾಡೋಣ ಅಂತ ಬೀಗತಿ ಪಕೀರಮ್ಮ ಹೇಳಿ ಕಳಿಸಿದ್ದಳು. ನಮ್ಮ ಕಡೆ ತೊಡುವ ಬಟ್ಟೆಗೂ ಕುಬಸ ಅನ್ನುತ್ತಾರೆ, ಬಸುರಿಗೆ ಮಾಡುವ ಕಾರ್ಯಕ್ಕೂ ಕುಬಸ ಅನ್ನುತ್ತಾರೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ, ಬುತ್ತಿ ಎಲ್ಲ ಹೊತ್ತು ಮಗಳ ಗಂಡನ ಮನೆಗೆ ಹೋಗಬೇಕು. ತಾಯಿ ತನ್ನ ಕೈಯಾರೆ ಮಗಳಿಗೆ ಆ ಕುಬಸದ ಗಂಟು ಹಾಕಬೇಕು. ಸಣ್ಣವ್ವ ಮಗಳ ಮದುವೆಯಾದ ದಿನದಿಂದ ಎದುರು ನೋಡುತ್ತಿದ್ದದ್ದು ಇದೊಂದನ್ನೇ.

ಮುದುಕವ್ವ ಅಂದಳು, "ದವಾಖಾನಿ ಎಲ್ಲೆ ಓಡಿ ಹೋಗತದ? ಮೊದಲ ಕುಬಸ ಆಗಲಿ, ಬಾಣಂತನ ಆಗಲಿ. ಶುಭಕಾರ್ಯದಾಗ ಮೈ ಕೊಯ್ಸಿಕೋಬಾರದು."

ಹಂಪಣ್ಣನೂ ಮೆಲ್ಲಗೆ ಅಂದ, "ಅವ್ವ ಹೇಳೂದೂ ಖರೆ ಐತಿ ನೋಡು."

ಒಂದು ಗಳಿಗೆ ಸಣ್ಣವ್ವನಿಗೂ ಹಾಗೇ ಅನಿಸಿತು. ಮಗಳ ಮುಖ ಕಣ್ಣ ಮುಂದೆ ಬಂತು. ನಾಲ್ಕೈದು ತಿಂಗಳು, ಏನು ಮಹಾ? ಆದರೆ ಕೈ ತಾನಾಗಿಯೇ ಎಡಗಡೆಗೆ ಹೋಯಿತು. ಅದು ಅಲ್ಲೇ ಇತ್ತು, ಗಟ್ಟಿಯಾಗಿ, ತಣ್ಣಗೆ ಕೂತು ತನ್ನ ಕೆಲಸ ಮಾಡುತ್ತಿತ್ತು.

"ಅದು ಪಂಚಾಂಗ ನೋಡಿ ಬೆಳಿಯಂಗಿಲ್ಲತ್ತೀ," ಅಂದಳು. "ನಾ ಕಾಯ್ತೀನಿ, ಅದು ಕಾಯಂಗಿಲ್ಲ. ಕುಬಸ ಏಳರಾಗೂ ಮಾಡಬಹುದು. ಹಂಗಂತ ಮರಳಿಗೆ ಹೇಳಿ ಕಳಸ್ರಿ."

"ಎದಿ ಕೊಯ್ಸಿಕೊಂಡು ಬಂದ್ರ ಹೆಣ್ಣಾಗಿ ಉಳೀತೀಯೇನ ನೀ?"

ಸಣ್ಣವ್ವ ಗಂಡನ ಬಲಗೈ ಹಿಡಿದೆತ್ತಿ ಅತ್ತೆಯ ಮುಂದೆ ಹಿಡಿದಳು. ಆ ಕೈಯಲ್ಲಿ ಎರಡು ಬೆರಳಿರಲಿಲ್ಲ. "ನಿಮ್ಮ ಮಗಂದು ಎರಡು ಬೆರಳು ಶೇಂಗಾ ಮಷೀನಿಗೆ ಹೋದವು. ಅವತ್ತಿಂದ ಅವರು ಗಂಡಸಲ್ಲೇನು? ಅವರ ಬೆರಳು ಹೋದಾಗ ನಾ ತುತ್ತು ಮಾಡಿ ಉಣಿಸೀನಿ. ಹೆಣ್ಣು ಅಂದ್ರ ಬರೇ ಇದೊಂದೇನು? ಉಳದದ್ದೆಲ್ಲಾ ಏನು, ತೌಡೇನು?"

ಹಂಪಣ್ಣ ಕೈ ಬಿಡಿಸಿಕೊಳ್ಳಲಿಲ್ಲ. ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಮಣ್ಣೆತ್ತಿನ ಅಮಾವಾಸ್ಯೆಯ ಮೊದಲೇ ಎತ್ತು, ಹೊಲ ತಮ್ಮನಿಗೆ ವಹಿಸಿ, ಹೆಂಡತಿಯನ್ನು ತಾನೇ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿದ, ದಾರಿಯುದ್ದಕ್ಕೂ ಒಂದೂ ಎಲೆ ಹಾಕಲಿಲ್ಲ.

ಆಪರೇಶನ್ನು ಆಯಿತು. ಎಚ್ಚರಾದಾಗ ಎದೆಯ ಮೇಲೆ ಬಂಡೆ ಹೇರಿದಂತಿತ್ತು, ಎಡಗೈ ತನ್ನದಲ್ಲವೆಂಬಂತೆ ಬಿದ್ದಿತ್ತು. ಮೂರನೆಯ ದಿನ ಪಟ್ಟಿ ಬದಲಿಸುವಾಗ ಕೆಳಗೆ ನೋಡಿಕೊಂಡು ಸಣ್ಣವ್ವ ಅತ್ತಳು. ಬಾಯಿ ಮಾಡಿ ಅತ್ತಳು, ವಾರ್ಡಿಗೆಲ್ಲ ಕೇಳುವಂತೆ. ಮುದ್ದಾಡಿಸಿಕೊಂಡ, ಮಕ್ಕಳಿಗೆ ಉಣಿಸಿದ ಒಂದು ಭಾಗ ಮೈಯಿಂದ ಹೋದರೆ ಯಾರಿಗೆ ಅಳು ಬರುವುದಿಲ್ಲ? ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ನರ್ಸಿಗೆ ಕೇಳಿದಳು, "ಕೈ ಯಾವಾಗ ಮ್ಯಾಲೆ ಏಳತದ? ನನಗ ಮಗಳ ಏಳನೇ ತಿಂಗಳದಾಗ ಕೆಲಸ ಐತಿ."

ಗೋಡೆಗೆ ಎದುರು ನಿಂತು ಬೆರಳಿನಿಂದ ಮೇಲೆ ಮೇಲೆ ಹತ್ತಿಸುತ್ತ ಹೋಗು ಅಂತ ನರ್ಸು ಹೇಳಿಕೊಟ್ಟಳು. ಸಣ್ಣವ್ವ ಹಾಗೇ ಮಾಡಿದಳು. ಕರೆಂಟು ಕೊಡುವುದು ಮುಗಿದು ಊರಿಗೆ ಬಂದ ಮೇಲೂ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತ, ನಿನ್ನೆಯ ಗೆರೆ ದಾಟುವ ತನಕ ರೊಟ್ಟಿ ಮುಟ್ಟುತ್ತಿರಲಿಲ್ಲ. ನೋವಿಗೆ ಅವಳು ಬೈದ ಬೈಗುಳ ಕೇಳಿ ಮುದುಕವ್ವ ಕಿವಿ ಮುಚ್ಚಿಕೊಂಡಳು. ಆದರೆ ಸೊಸೆ ತಲೆ ಬಾಚಿಕೊಳ್ಳಲಾರದ ದಿನಗಳಲ್ಲಿ ಎಣ್ಣೆ ಹಚ್ಚಿ ಹೆರಳು ಹಾಕಿದವಳೂ ಅದೇ ಮುದುಕವ್ವ.

ಕಾಸೀಮಬೀ ಹೊಸ ಖಣ ಹಿಡಿದು ಬಂದಳು. "ಎಡಗಡಿ ಹತ್ತಿ ಅರಳಿ ತುಂಬಿ ಹೊಲೀತೀನಕ್ಕ. ಮರಳ್ಯಾಗ ಯಾರಿಗೂ ಗೊತ್ತಾಗಂಗಿಲ್ಲ."

"ಯಾಕ ಗೊತ್ತಾಗಬಾರದು? ನಾ ಕದ್ದೀನೇನು?"

"ಮಂದಿ ನೋಡ್ತಾರ."

"ನೋಡ್ಲಿ. ಎಡಗಡಿ ಚಪ್ಪಟ ಹೊಲಿ. ಇಷ್ಟು ದಿನ ಖರೇ ಹೊಲದಾಕಿ, ಈಗ ಸುಳ್ಳು ಹೊಲೀಬ್ಯಾಡ."

ಕಾಸೀಮಬೀ ಅಂಥ ಕುಬಸ ಜನ್ಮದಲ್ಲಿ ಹೊಲಿದಿರಲಿಲ್ಲ. ಗಾಯದ ಮೇಲೆ ಹೊಲಿಗೆ ಬಾರದ ಹಾಗೆ ಬಟ್ಟೆ ಮಡಿಸಿ, ಒಳಗೆ ಮೆತ್ತಗಿನ ಮಲ್ಲು ಬಟ್ಟೆಯ ಅಸ್ತರಿ ಕೊಟ್ಟು, ಎರಡು ಸಲ ಬಿಚ್ಚಿ ಮೂರನೆಯ ಸಲ ಸರಿ ಮಾಡಿದಳು. ತೊಡಿಸಿ ನೋಡಿದಾಗ ಒಂದು ಸುಕ್ಕೂ ಇರಲಿಲ್ಲ.

ಏಳನೆಯ ತಿಂಗಳು ಬಂತು. ಮರಳಿಯಿಂದ ಹೇಳಿಕೆ ಬಂತು, ಆದರೆ ಅದರ ಜೊತೆ ಇನ್ನೊಂದು ಮಾತೂ ಬಂತು: ಬೀಗತಿಯವರು ದಣಿದಿದ್ದಾರೆ, ಅಷ್ಟು ದೂರ ಬರುವುದು ಬೇಡ, ಸೀರೆ ಕುಬಸ ಕಳಿಸಿದರೆ ಸಾಕು, ಗಂಟು ಹಾಕಲು ಪಕೀರಮ್ಮನ ತಂಗಿ ಇದ್ದಾಳೆ. ಸಣ್ಣವ್ವ ಪೂರ್ತಿ ಕೇಳಿಸಿಕೊಂಡು, ಹೇಳಿಕೆ ತಂದವನಿಗೆ ಊಟಕ್ಕೆ ನೀಡಿ, "ಬರತೀನಂತ ಹೇಳು," ಅಂತ ಕಳಿಸಿದಳು.

ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ಹಾದು ಗಂಗಾವತಿ, ಅಲ್ಲಿಂದ ಮರಳಿ ಊರು. ಕರಿನೆಲ ಮುಗಿದು ಕಾಲುವೆ ಬಂತು, ಕಾಲುವೆಯ ಎರಡೂ ಕಡೆ ಭತ್ತ ಎದೆಮಟ್ಟ ನಿಂತಿತ್ತು. ಬೀಗರ ಅಂಗಳದಲ್ಲಿ ಹೆಂಗಸರು ಸೇರಿದ್ದರು, ಕಾಲುವೆ ನೀರಿಗೆ ಬಂದು ಪಕ್ಕದ ಕ್ಯಾಂಪಿನಲ್ಲಿ ನೆಲೆಸಿದ ತೆಲುಗಿನವರೂ ಇದ್ದರು. ಸಣ್ಣವ್ವ ಒಳಗೆ ಬಂದಾಗ ಎಲ್ಲರ ಕಣ್ಣೂ ಒಂದೇ ಕಡೆಗೆ ಹೋಗಿ, ಕೂಡಲೇ ಬೇರೆ ಕಡೆಗೆ ತಿರುಗಿದವು. ನೀಲವ್ವ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ತಾಯಿಯನ್ನು ಕಂಡು ಏಳಲು ಹೋದವಳನ್ನು ಪಕ್ಕದವರು ಹಿಡಿದು ಕೂರಿಸಿದರು.

ಸಣ್ಣವ್ವ ಮಗಳ ಹೊಸ ಕುಬಸ ಕೈಗೆ ತೆಗೆದುಕೊಳ್ಳುತ್ತಲೇ ಪಕೀರಮ್ಮ ಅಡ್ಡ ಬಂದಳು. ಎತ್ತರದ ಹೆಂಗಸು, ಮಾತು ಕಡಿಮೆ. "ತಪ್ಪು ತಿಳಕೋಬ್ಯಾಡ್ರಿ ಬೀಗತಿ. ಚೊಚ್ಚಲ ಬಸಿರಿ. ಎದಿ ಕಳಕೊಂಡವರು ಕುಬಸದ ಗಂಟು ಹಾಕಿದ್ರ ಬಾಣಂತಿಗೆ ಹಾಲು ಬತ್ತತದಂತ ಹಿರ್ಯಾರು ಹೇಳ್ಯಾರ. ನಮ್ಮ ತಂಗಿ ಹಾಕಲಿ."

"ಯಾವ ಹಿರ್ಯಾರು ಹೇಳ್ಯಾರ್ರಿ? ಕರೀರಿ ಅವರನ್ನ, ನನ್ನ ಮುಂದ ಹೇಳಲಿ."

ಪಕೀರಮ್ಮ ಅಲ್ಲಿಂದ ಸರಿಯಲಿಲ್ಲ. ಸಣ್ಣವ್ವನ ದನಿ ಏರಿತು, ಅದರೊಳಗೆ ಅಳುವೂ ಇತ್ತು, ಅದನ್ನು ಅವಳು ಮುಚ್ಚಿಡಲೂ ಹೋಗಲಿಲ್ಲ.

"ಬೀಗತಿ, ಇಲ್ಲಿ ಕುಂತಾಳಲ್ಲ ನಿಮ್ಮ ಸೊಸಿ, ಇಕಿ ಬೆಳದದ್ದು ಯಾವ ಹಾಲಿನಿಂದ ಗೊತ್ತೈತೇನ್ರಿ? ನಾ ಹುಬ್ಬಳ್ಳ್ಯಾಗ ಬಿಟ್ಟು ಬಂದೀನಲ್ಲ, ಆ ಎದಿ ಹಾಲಿನಿಂದ. ಬಲಗಡಿ ಹಾಕಿದ್ರ ಅಳತಿದ್ಲು, ಎಡಗಡೀನ ಬೇಕಾಗಿತ್ತು ಇಕಿಗೆ. ಆ ಎದಿ ಕೆಟ್ಟದ್ದಾಗಿದ್ರ ಅದರ ಹಾಲು ಕುಡದಾಕಿನೂ ಬ್ಯಾಡ ಅನ್ರಿ, ಈಗ ಕರಕೊಂಡು ಹೋಗತೀನಿ. ಇಕಿ ಬೇಕಂದ್ರ ಗಂಟು ನಾನ ಹಾಕಾಕಿ."

ನೀಲವ್ವ ಮಣೆಯಿಂದ ಎದ್ದು ಬಂದು ತಾಯಿಯ ಮುಂದೆ ನಿಂತಳು. ಸಣ್ಣವ್ವ ಕುಬಸ ತೊಡಿಸಿ, ಎಡಗೈ ಎತ್ತಿ ಮಗಳ ಹೆಗಲ ಮೇಲಿನ ಬಟ್ಟೆ ಸರಿ ಮಾಡಿ, ತುದಿಗೆ ತುದಿ ಕೂಡಿಸಿ ಗಂಟು ಹಾಕಿದಳು. ಪಕೀರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ತಡೆಯಲಿಲ್ಲ, ಒಳಗೂ ಹೋಗಲಿಲ್ಲ.

ಒಮ್ಮೆ ಬಾಯಿ ತೆರೆದ ಮೇಲೆ ಸಣ್ಣವ್ವ ಸುಮ್ಮನಾಗುವವಳಲ್ಲ. ಆರತಿ ಆಗಿ ಊಟಕ್ಕೆ ಕೂತಾಗ ಕೇಳಿದವರಿಗೂ ಕೇಳದವರಿಗೂ ಹೇಳಿದಳು: ಅದು ಎಲ್ಲಿ ಹುಟ್ಟುತ್ತದೆ, ನಿಲ್ಲುವುದನ್ನು ಮರೆತ ಒಂದು ಕಣ ಹೇಗೆ ಎರಡು, ನಾಲ್ಕು ಆಗುತ್ತದೆ, ಯಾವ ದಾರಿ ಹಿಡಿದು ಕಂಕುಳಿಗೆ ಹೋಗುತ್ತದೆ. ಶಾಪವಲ್ಲ, ಅಂಟುವುದಿಲ್ಲ. ಸ್ನಾನ ಮಾಡುವಾಗ ಕೈಯಾಡಿಸಿ ನೋಡಿಕೊಳ್ಳಿ, ಚರ್ಮ ಒಳಗೆ ಎಳೆದರೆ, ಗಟ್ಟಿ ಏನಾದರೂ ಸಿಕ್ಕರೆ ಓಡಿ. ಕ್ಯಾಂಪಿನ ಒಬ್ಬ ಹೆಂಗಸು "ನೊಪ್ಪಿ ಲೇದಾ?" ಅಂತ ಕೇಳಿದಳು. ನೋವಿರಲಿಲ್ಲವೇ ಅಂತ. "ಇಲ್ಲವ್ವ, ಒಂಚೂರೂ ಇದ್ದಿಲ್ಲ," ಅಂದಳು ಸಣ್ಣವ್ವ. ಪಕೀರಮ್ಮ ಹೋಳಿಗೆ ನೀಡುತ್ತ ಬಂದವಳು ಅವಳ ಎಲೆಯ ಮುಂದೆ ಸ್ವಲ್ಪ ನಿಂತು ಮುಂದೆ ಹೋದಳು.

ಮರುದಿನ ಮುಂಜಾನೆ ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಹೊರಟರು. ಬಸ್ ನಿಲ್ಲುವಲ್ಲಿಗೆ ಅಳಿಯ ಕನಕಪ್ಪ ಗಂಟುಮೂಟೆ ಹೊತ್ತು ಬಂದ, ಹಿಂದೆ ಪಕೀರಮ್ಮನೂ ಬಂದಳು. ಗಂಗಾವತಿಯ ಬಸ್ಸು ಬಂತು. ಹಂಪಣ್ಣ, ನೀಲವ್ವ ಹತ್ತಿ ಕೂತರು. ಸಣ್ಣವ್ವ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು, ಹಿಂದಿನಿಂದ ಯಾರೋ ಸೆರಗು ಹಿಡಿದರು.

"ಬೀಗತಿ, ಆ ಹುಬ್ಬಳ್ಳಿ ಡಾಕ್ಟರಮ್ಮ ದಿನಾ ಸಿಗತಾರೇನ್ರಿ?"

"ಸಿಗತಾರ. ಯಾರಿಗೆ ಬೇಕಾಗಿತ್ತು?"

ಪಕೀರಮ್ಮ ಭತ್ತದ ಗದ್ದೆಯ ಕಡೆ ಮುಖ ಮಾಡಿಕೊಂಡಳು. "ಹೋದ ದೀಪಾವಳಿಯಿಂದ ಐತಿ," ಅಂದಳು. "ಬಲಗಡಿ. ನೋವಿಲ್ಲ."

ಸಣ್ಣವ್ವ ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಹೋದ ದೀಪಾವಳಿ. ಈ ದೀಪಾವಳಿಯೇ ಹತ್ತಿರ ಬಂದಿತ್ತು. ನಿನ್ನೆ ಅಂಗಳದಲ್ಲಿ ತನಗೆ ಅಡ್ಡ ನಿಂತವಳು ಯಾಕೆ ಅಡ್ಡ ನಿಂತಳು ಅನ್ನುವುದು ಈಗ ಅವಳಿಗೆ ತಿಳಿಯಿತು. ಹಾಲು ಬತ್ತುತ್ತದೆ ಅಂತ ಅಂಜಿದವಳು ತನ್ನ ಕೈಯಿಂದಲೂ ಸೊಸೆಯನ್ನು ದೂರ ಇಟ್ಟಿದ್ದಳು, ತಂಗಿಯನ್ನು ಕರೆಸಿದ್ದಳು.

"ಯಾರಿಗೆ ಹೇಳೀರಿ?"

"ಯಾರಿಗೂ ಇಲ್ಲ."

ಕಂಡಕ್ಟರ್ ಬಸ್ಸಿನ ತಗಡು ಬಡಿದ. "ಏ ಯವ್ವಾ, ಹತ್ತತೀಯೋ ಇಲ್ಲೋ?"

ಸಣ್ಣವ್ವ ಎಡಗೈ ಚಾಚಿ ಪಕೀರಮ್ಮನ ರಟ್ಟೆ ಹಿಡಿದು ಮೆಟ್ಟಿಲ ಮೇಲೆ ಎಳೆದುಕೊಂಡಳು. ಗಾಯದ ಕಡೆಯ ಕೈ ಜೋರಾಗಿ ನೋಯಿತು, ಬಿಡಲಿಲ್ಲ. "ಅಳಿಯಂದಿರ, ನಿಮ್ಮ ಅವ್ವನ್ನ ಹುಬ್ಬಳ್ಳಿಗೆ ಕರಕೊಂಡು ಹೊಂಟೀನ್ರಿ, ನೀವು ನಾಳೆ ಅಲ್ಲಿಗೆ ಬರ್ರಿ," ಅಂತ ಕನಕಪ್ಪನಿಗೆ ಕೂಗಿದಳು. ಒಳಗೆ ತಿರುಗಿ, "ಏನ್ರಿ, ನೀವು ಗಂಗಾವತಿಯಿಂದ ನೀಲಾನ ಕರಕೊಂಡು ಊರಿಗೆ ಹೋಗ್ರಿ," ಅಂತ ಗಂಡನಿಗೆ ಹೇಳಿದಳು. ಕನಕಪ್ಪ ಬಾಯಿ ತೆರೆದುಕೊಂಡು ನಿಂತಿದ್ದ. ಬಸ್ಸಿನ ಜನರೆಲ್ಲ ಕುತ್ತಿಗೆ ಹೊರಳಿಸಿದ್ದರು.

"ಉಟ್ಟ ಸೀರಿಮ್ಯಾಲೇನ್ರಿ?" ಪಕೀರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಮಂದಿ ಕೇಳಾಕ ಹತ್ಯಾರ ಬೀಗತಿ. ಮೆಲ್ಲಕ ಮಾತಾಡ್ರಿ."

"ಕೇಳ್ಲಿ," ಅಂದಳು ಸಣ್ಣವ್ವ, ಡ್ರೈವರನಿಗೂ ಕೇಳುವಂತೆ. "ಮೆಲ್ಲಕ ಮಾತಾಡಿ ಮಾತಾಡೇ ಅದನ್ನ ಇಷ್ಟು ಬೆಳಸೀವಿ."